ತುತ್ತು ಇಳಿಯದಿದ್ದರೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆ ಜೋಳದ ರೊಟ್ಟಿಯಿಲ್ಲದೆ ಊಟವಿಲ್ಲ. ಮನೆಯ ಹಿರಿಯರೊಬ್ಬರಿಗೆ ರೊಟ್ಟಿಯ ತುತ್ತು ಎದೆಯಲ್ಲಿ ತಡೆದಂತಾಗುವುದೆಂದು ಭಾವಿಸೋಣ. ಅವರು ಮೊದಲು ನೀರು ಕುಡಿದು ಅದನ್ನು ಇಳಿಸುವರು; ಬಳಿಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಸುವರು; ಕಡೆಗೆ ನುಚ್ಚು, ಅಂಬಲಿಗಳಿಂದಲೇ ತೃಪ್ತರಾಗುವರು. ವಯೋಧರ್ಮವೆಂದು ಎಲ್ಲರೂ ಸುಮ್ಮನಾಗುವರು. ಆದರೆ ಈ ಹೊಂದಾಣಿಕೆಯೇ ರೋಗವನ್ನು ಮರೆಮಾಡುವುದು.

ತುತ್ತು ಕೇವಲ ತನ್ನ ಭಾರದಿಂದ ಹೊಟ್ಟೆಗೆ ಬೀಳುವುದಿಲ್ಲ. ತಲೆಕೆಳಗಾಗಿ ನಿಂತವನೂ ನುಂಗಬಲ್ಲನು. ನಾಲಗೆಯು ತುತ್ತನ್ನು ಗಂಟಲಿಗೆ ನೂಕಿದೊಡನೆ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವುದು. ಅನಂತರ ಸುಮಾರು 25 ಸೆಂಟಿಮೀಟರು ಉದ್ದದ ಅನ್ನನಾಳವು ಅಲೆಯಲೆಯಾಗಿ ಸಂಕೋಚಗೊಂಡು ಅದನ್ನು ಜಠರಕ್ಕೆ ಸಾಗಿಸುವುದು.

ಆದುದರಿಂದ ತೊಡಕು ಮೂರು ವಿಧವಾಗಿ ಉಂಟಾಗಬಹುದು. ಪಾರ್ಶ್ವವಾಯು ಮೊದಲಾದವುಗಳಿಂದ ಗಂಟಲಿನ ನರಗಳು ಸೋತರೆ, ನುಂಗತೊಡಗಿದಾಗಲೇ ಕೆಮ್ಮು ಬರುವುದು, ನೀರು ಮೂಗಿಗೇರುವುದು. ಅನ್ನನಾಳದ ದಾರಿ ಕ್ರಮೇಣ ಕಿರಿದಾದರೆ ಮೊದಲು ರೊಟ್ಟಿ, ಆಮೇಲೆ ಅನ್ನ, ಕೊನೆಗೆ ನೀರೂ ನಿಲ್ಲುವುದು. ಜಠರದ ಆಮ್ಲ ಮೇಲೇರಿ ಆದ ಹುಣ್ಣಿನ ಕಲೆ, ಕಬ್ಬಿಣದ ಕೊರತೆಯುಳ್ಳ ಸ್ತ್ರೀಯರಲ್ಲಿ ಕೆಲವೊಮ್ಮೆ ಬೆಳೆಯುವ ತೆಳುಪೊರೆ, ಕ್ಯಾನ್ಸರ್—ಇವು ಇದಕ್ಕೆ ಕಾರಣಗಳು. ತಂಬಾಕು ಮತ್ತು ಮದ್ಯಗಳು ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತವೆ. ಅನ್ನನಾಳದ ಅಲೆಯೇ ಕೆಟ್ಟರೆ, ಅಕಲೇಸಿಯ ಎಂಬ ವ್ಯಾಧಿಯಲ್ಲಿ ಆಗುವಂತೆ, ರೊಟ್ಟಿ ನೀರುಗಳೆರಡೂ ಸಾಮಾನ್ಯವಾಗಿ ಆರಂಭದಿಂದಲೇ ತಡೆಯುವುವು.

ಹೀಗಿರುವುದರಿಂದ "ಮೊದಲು ನಿಂತದ್ದು ಯಾವುದು, ರೊಟ್ಟಿಯೋ ನೀರೋ?" ಎಂಬ ಸರಳ ಪ್ರಶ್ನೆಯಿಂದಲೇ ರೋಗನಿರ್ಣಯವು ಆರಂಭವಾಗುವುದು. ಬಳಿಕ ಯಂತ್ರಗಳ ಸರದಿ. ಬೇರಿಯಂ ಸಲ್ಫೇಟ್ ಬೆರೆಸಿದ ಬಿಳಿಯ ದ್ರವವನ್ನು ಕುಡಿಸಿ ಕ್ಷ-ಕಿರಣದಿಂದ ನೋಡಿದರೆ ದಾರಿ ಎಲ್ಲಿ ಕಿರಿದಾಗಿದೆಯೆಂಬುದು ತೋರುವುದು. ಒತ್ತಡವನ್ನಳೆಯುವ ಕೊಳವೆಯು ಅಲೆಯ ಬಲವನ್ನು ತಿಳಿಸುವುದು. ಎಂಡೋಸ್ಕೋಪು ಒಳಭಾಗವನ್ನೇ ತೋರಿಸುವುದಲ್ಲದೆ, ಪರೀಕ್ಷೆಗೆಂದು ಅಂಗಾಂಶದ ಚೂರನ್ನೂ ತೆಗೆದುಕೊಡುವುದು.

ಈ ಉಪಕರಣದ ಕಥೆ ಸ್ವಾರಸ್ಯವಾದುದು. 1868ರಲ್ಲಿ ಜರ್ಮನಿಯ ವೈದ್ಯ ಕುಸ್‌ಮಾಲ್ ನೆಟ್ಟನೆಯ ಲೋಹದ ಕೊಳವೆಯನ್ನು ಹೊಟ್ಟೆಯವರೆಗೆ ಇಳಿಸಿ ನೋಡಿದುದು, ಕತ್ತಿ ನುಂಗುವ ವಿದ್ಯೆ ಬಲ್ಲವನೊಬ್ಬನಲ್ಲಿ! ಸಾಮಾನ್ಯರು ಅದನ್ನು ಸಹಿಸುವುದು ಕಷ್ಟವಾಗಿತ್ತು. 1957ರಲ್ಲಿ ಹಿರ್ಷೋವಿಟ್ಸ್ ಗಾಜಿನ ಎಳೆಗಳಿಂದ ಮಾಡಿದ ಬಾಗುವ ಎಂಡೋಸ್ಕೋಪನ್ನು ತೋರಿಸಿದ ಮೇಲೆ ಈ ಪರೀಕ್ಷೆ ಸುಲಭವಾಯಿತು.

ಅನ್ನನಾಳವು ಹಿಗ್ಗುವ ಗುಣವುಳ್ಳದ್ದು. ಆದುದರಿಂದ ಕ್ಯಾನ್ಸರಿನಲ್ಲಿ ದಾರಿ ಬಹಳಷ್ಟು ಕಿರಿದಾದ ಮೇಲೆಯೇ ರೊಟ್ಟಿ ತಡೆಯುವುದುಂಟು. ಇನ್ನು ತಡಮಾಡಲು ಅವಕಾಶವೆಲ್ಲಿ? ವಿದ್ಯಾರ್ಥಿಗಳೇ, ಮನೆಯ ಹಿರಿಯರ ತಟ್ಟೆಯನ್ನು ಗಮನಿಸಿರಿ. ರೊಟ್ಟಿ ಬಿಟ್ಟು ಅಂಬಲಿಗೆ ಬಂದವರನ್ನು, ಮೈ ಇಳಿಯುತ್ತಿದ್ದರಂತೂ ತಪ್ಪದೆ, ವೈದ್ಯರ ಬಳಿಗೆ ಕರೆದೊಯ್ಯಿರಿ.