ಕೇಳುವ ಕಿವಿ



ನಮ್ಮ ಕನ್ನಡ ನುಡಿಯಲ್ಲಿ ‘ಕೇಳು’ ಎಂಬ ಒಂದೇ ಪದಕ್ಕೆ ಮೂರು ಅರ್ಥಗಳುಂಟು: ಬೇಡುವದು, ಕಿವಿಗೊಡುವದು, ಹೇಳಿದಂತೆ ನಡೆಯುವದು. ಇಬ್ರಿಯ ಭಾಷೆಯ ‘ಶಾಮಾ’ ಎಂಬ ಪದವು ಸಹ ಕಿವಿಗೊಡುವದನ್ನೂ ವಿಧೇಯತೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಈ ಮೂರನ್ನೂ ಕ್ರಮವಾಗಿ ಕಾಣುತ್ತೇವೆ.

ಮೊದಲನೆಯದು, ಬೇಡುವದು. ಮಕ್ಕಳಿಲ್ಲದ ಹನ್ನಳು ಶೀಲೋವಿನ ಆಲಯದಲ್ಲಿ ತುಟಿಗಳನ್ನು ಮಾತ್ರ ಅಲ್ಲಾಡಿಸುತ್ತ ಪ್ರಾರ್ಥಿಸಿದಳು. ಯಾಜಕನಾದ ಏಲಿಯು ಆಕೆಯನ್ನು ಕುಡಿದವಳೆಂದು ತಪ್ಪಾಗಿ ಎಣಿಸಿದನು, ದೇವರಾದರೋ ಕೇಳಿದನು. ಹುಟ್ಟಿದ ಮಗುವಿಗೆ ಸಮುವೇಲನೆಂದು ಹೆಸರಿಟ್ಟು, ಮೊಲೆ ಬಿಡಿಸಿದ ಮೇಲೆ ಆಲಯದ ಸೇವೆಗೆ ಒಪ್ಪಿಸಿದಳು. ವರುಷವರುಷವೂ ಅವನಿಗೊಂದು ಚಿಕ್ಕ ನಿಲುವಂಗಿಯನ್ನು ಮಾಡಿ ತರುತ್ತಿದ್ದಳು. ಮಗಳನ್ನು ಬೋರ್ಡಿಂಗಿನಲ್ಲಿ ಬಿಟ್ಟು ಹಿಂದಿರುಗಿದ ತಾಯಂದಿರಿಗೆ ಆ ಅಂಗಿಯ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ.

ಎರಡನೆಯದು, ಕಿವಿಗೊಡುವದು. ಆ ದಿನಗಳಲ್ಲಿ ದೇವರ ವಾಕ್ಯವು ವಿರಳವಾಗಿತ್ತು. ಏಲಿಯ ಕಣ್ಣುಗಳು ಮಬ್ಬಾಗಿದ್ದವು. ಆದರೆ ಆಲಯದ ದೀಪವು ಇನ್ನೂ ಆರಿರಲಿಲ್ಲ. ತನ್ನನ್ನು ಕರೆದ ಧ್ವನಿಯನ್ನು ಕೇಳಿ ಬಾಲಕನು ಮೂರು ಸಾರಿ ಎದ್ದು ಏಲಿಯ ಬಳಿಗೆ ಹೋದನು. ಅದು ದೇವರ ಕರೆಯೆಂದು ಅವನು ಅರಿಯನು. ಆದರೂ ಹಿರಿಯರ ಕರೆಗೆ ಏಳುವ ಅಭ್ಯಾಸವೇ ಅವನನ್ನು ದೇವರ ಕರೆಗೆ ಸಿದ್ಧಮಾಡಿತು. ಮೂರನೆಯ ಸಾರಿ ಏಲಿಗೆ ಸಂಗತಿ ತಿಳಿಯಿತು. ಆಗ ಅವನು ಬಾಲಕನನ್ನು ತನ್ನ ಬಳಿ ನಿಲ್ಲಿಸಿಕೊಳ್ಳದೆ, ಉತ್ತರ ಕೊಡುವ ರೀತಿಯನ್ನು ಕಲಿಸಿ, ದೇವರ ಕಡೆಗೆ ಕಳುಹಿದನು. ಗುರುಗಳ ಮತ್ತು ಹೆತ್ತವರ ಮುಖ್ಯ ಧರ್ಮವು ಇದೇ.

ಮೂರನೆಯದು, ಹೇಳಿದಂತೆ ನಡೆಯುವದು. ಇದು ಎಲ್ಲಕ್ಕಿಂತ ಕಠಿಣ. ಏಲಿಯು ತನ್ನ ಪುತ್ರರನ್ನು ಗದರಿಸಿದ್ದನೇ ಹೊರತು ತಡೆಯಲಿಲ್ಲ. ಆದಕಾರಣ ಅವನ ಮನೆಗೆ ದಂಡನೆ ಬರುವದೆಂಬ ವಾಕ್ಯವು ಆ ಬಾಲಕನಿಗೆ ಉಂಟಾಯಿತು. ಬೆಳಿಗ್ಗೆ ಸಮುವೇಲನು ಆಲಯದ ಬಾಗಿಲುಗಳನ್ನು ತೆರೆದನು. ದರ್ಶನವಾಯಿತೆಂದು ನಿತ್ಯದ ಕೆಲಸವನ್ನು ಬಿಡಲಿಲ್ಲ. ಹೇಳುವದಕ್ಕೆ ಭಯಪಟ್ಟನು, ಆದರೂ ಏಲಿಯು ವಿಚಾರಿಸಿದಾಗ ಏನನ್ನೂ ಮರೆಮಾಡಲಿಲ್ಲ. ಹಿರಿಯರಿಗೆ ಹಿತವಾದದ್ದನ್ನು ಮಾತ್ರ ನುಡಿಯುವದು ವಿಧೇಯತೆಯಲ್ಲ.

ಇದನ್ನು ನಾವು ಒಬ್ಬ ವಿದ್ಯಾರ್ಥಿನಿಯಿಂದಲೇ ಕಲಿತೆವು. ಒಂದು ವರುಷ ಸರಿಯಾಗಿ ವಿಚಾರಿಸದೆ ಒಬ್ಬ ಹುಡುಗಿಯನ್ನು ದಂಡಿಸಿದ್ದೆವು. ಅವಳ ಗೆಳತಿಯು ನಡುಗುತ್ತ ನಮ್ಮ ಕೋಣೆಗೆ ಬಂದು, “ಅಮ್ಮನವರೇ, ತಪ್ಪು ಅವಳದಲ್ಲ, ತಾವು ವಿಚಾರಿಸಲಿಲ್ಲ” ಎಂದಳು. ಅದು ಉದ್ಧಟತನವೆಂದು ತೋರಿ, ಅವಳನ್ನು ಹೊರಗೆ ಕಳುಹಿದೆವು. ಆ ರಾತ್ರಿ ಈ ಅಧ್ಯಾಯವನ್ನು ಓದುವಾಗ, ಏಲಿಯ ಸ್ಥಾನದಲ್ಲಿ ಕುಳಿತವರು ನಾವೇ ಎಂದು ಕಂಡೆವು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೆದುರಿಗೆ ಇಬ್ಬರ ಕ್ಷಮೆಯನ್ನೂ ಬೇಡಿದೆವು.

ಏಲಿಯು ಆ ವಾಕ್ಯವನ್ನು ತಾಳ್ಮೆಯಿಂದ ಒಪ್ಪಿಕೊಂಡನು; ಆದರೆ ಕಾಲವು ಮೀರಿತ್ತು. ಫಿಲಿಷ್ಟಿಯರೊಡನೆ ನಡೆದ ಯುದ್ಧದಲ್ಲಿ ಪುತ್ರರಿಬ್ಬರೂ ಒಂದೇ ದಿನ ಸತ್ತರು. ದೇವರ ಮಂಜೂಷವು ಶತ್ರುಗಳ ವಶವಾಯಿತು. ಆ ಸುದ್ದಿಯನ್ನು ಕೇಳಿ 98 ವರುಷದ ಮುದುಕನು ಪೀಠದಿಂದ ಬಿದ್ದು ಸತ್ತನು.

ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ಹನ್ನಳಂತೆ ಬೇಡಿರಿ, ಸಮುವೇಲನಂತೆ ಏಳುವದನ್ನು ಮಕ್ಕಳಿಗೆ ಕಲಿಸಿರಿ. ಅವರು ಅಂಜುತ್ತ ಒಂದು ಕಠಿಣವಾದ ಸತ್ಯವನ್ನು ನಿಮ್ಮ ಮುಂದೆ ತಂದಾಗ ಅವರ ಬಾಯಿ ಮುಚ್ಚಿಸಬೇಡಿರಿ. ದೀಪವು ಇನ್ನೂ ಆರಿಲ್ಲ.