ಬೋರ್ಡ್ ನೋಡದೆ ಕಲಿಯುವ ತಾಳ

ಪ್ರೌಢಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಕಣ್ಣು ಕಾಣುತ್ತಿರಲಿಲ್ಲ. ಸಂಗೀತದ ಪೀರಿಯಡ್‌ನಲ್ಲಿ ಹಾಡನ್ನು ಬೋರ್ಡ್ ಮೇಲೆ ಬರೆಯುತ್ತಿದ್ದರು. ಅವನು ಸುಮ್ಮನೆ ಕೂರುತ್ತಿದ್ದ. ನಮ್ಮ ಜಿಲ್ಲೆಯಲ್ಲಿ ಹೀಗಾಗಬಾರದಿತ್ತು. ಹಾನಗಲ್ ತಾಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ, ಅದೇ ತಾಲೂಕಿನಲ್ಲಿ 1914ರಲ್ಲಿ ಹುಟ್ಟಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಅವರು ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಇಂದಿಗೂ ಸಂಗೀತ ಕಲಿಯುತ್ತಾರೆ.

ಕಿವಿ ಮತ್ತು ಕೈಯಿಂದ ಕಲಿಯುವುದು ಯಾವ ತರಗತಿಯಲ್ಲೂ ಸಾಧ್ಯ. ತೀನ್‌ತಾಲ ತೆಗೆದುಕೊಳ್ಳಿ: 16 ಮಾತ್ರೆ, ನಾಲ್ಕು ನಾಲ್ಕರಂತೆ ನಾಲ್ಕು ಭಾಗ. 1, 5, 13ನೇ ಮಾತ್ರೆಗೆ ಚಪ್ಪಾಳೆ. 9 ಖಾಲಿ, ಅಲ್ಲಿ ಕೈ ಬೀಸುತ್ತಾರೆ. ಕಾಣದವರಿಗೆ ಆ ಬೀಸು ತಿಳಿಯದು. ಪಕ್ಕದವರು ಅವರ ಅಂಗೈ ಮುಟ್ಟಿ ತಿಳಿಸಬೇಕು. ಕಿವಿ ಮಂದವಿರುವವರು ಡೆಸ್ಕ್ ಮೇಲೆ ಅಂಗೈ ಇಟ್ಟರೆ, ಇನ್ನೊಬ್ಬರು ಬಡಿಯುವ ತಾಳ ಕೈಗೆ ಸಿಗುತ್ತದೆ. ಖರ್ಚು ಸೊನ್ನೆ (ಕಾಮರ್ಸ್ ಬುದ್ಧಿ ಬಿಡುವುದಿಲ್ಲ). ವಾದ್ಯ ಬೇಡವೆನ್ನುವ ಮನೆಯ ಮಕ್ಕಳೂ ಹೊರಗುಳಿಯಬೇಕಿಲ್ಲ. ನಮ್ಮದೂ ಅಂಥದೇ ಮನೆ.

ಮೊನ್ನೆ ಸವಣೂರಿನ ಬಸ್ಸಿನಲ್ಲಿ ಆ ಗೆಳೆಯ ಸಿಕ್ಕ. ಸೀಟಿನ ಕಂಬಿ ಮೇಲೆ ಹದಿನಾರು ಎಣಿಸಿ ಬಡಿದೆ. ಎರಡನೇ ಸುತ್ತಿಗೇ ಅವನು ನನ್ನ ಕೈ ಹಿಡಿದು, "ಒಂಬತ್ತಕ್ಕೆ ಬಡಿದೆಯಲ್ಲೋ!" ಎಂದ.