ಚೆಂಡೆಯ ಪೆಟ್ಟಿಗೆ ಟೇಪಿನ ಹದ: ಮನೆಯಲ್ಲೇ ಯಕ್ಷಗಾನ ಹಿಮ್ಮೇಳ ಧ್ವನಿಮುದ್ರಣ

ಪಡ್ರೆಯ ಬಲಿಪ ನಾರಾಯಣ ಭಾಗವತರ ಪದ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ, ಶೇಣಿ ಎಂಬ ಈ ಎರಡು ಊರುಗಳ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಕ್ಯಾಸೆಟ್ಟಿನ ಪಾಲೂ ಇದೆ. ಈಗ ಪೆರ್ಲ, ಬದಿಯಡ್ಕ, ಮಂಜೇಶ್ವರದ ಕಡೆ ಭಾಗವತಿಕೆ ಕಲಿಯುವ ಮಕ್ಕಳು ಲ್ಯಾಪ್‌ಟಾಪಿನಲ್ಲೇ ಪದ ಮುದ್ರಿಸಿ ಹಂಚುತ್ತಾರೆ. ಕೇಳಿದ ಹಿರಿಯರ ದೂರು ಮಾತ್ರ ಒಂದೇ: ಚೆಂಡೆ ಕಿವಿಗೆ ಚುಚ್ಚುತ್ತದೆ, ಜಾಗಟೆ ಕಿರುಚುತ್ತದೆ, ಹಳೆಯ ಕ್ಯಾಸೆಟ್ಟಿನಲ್ಲಿ ಹೀಗಿರಲಿಲ್ಲ.

ದೂರಿನಲ್ಲಿ ಹುರುಳಿದೆ. ಟೇಪಿನ ಮೇಲಿರುವ ಕಾಂತೀಯ ಕಣಗಳು ಒಂದು ಮಿತಿಯವರೆಗೆ ಮಾತ್ರ ಧ್ವನಿಯನ್ನು ಹಿಡಿಯಬಲ್ಲವು. ಮಿತಿ ಹತ್ತಿರವಾದಂತೆ ಪೆಟ್ಟಿನ ತುದಿ ನಯವಾಗಿ ದುಂಡಾಗುತ್ತದೆ. ಡಿಜಿಟಲ್‌ನಲ್ಲಿ ಈ ನಯವಿಲ್ಲ. ಮಿತಿಯ ತನಕ ಬಂದದ್ದೆಲ್ಲ ಹಾಗೆಯೇ ದಾಖಲಾಗುತ್ತದೆ, ಮಿತಿ ದಾಟಿದರೆ ಕತ್ತರಿಸಿ ಹೋಗುತ್ತದೆ. ಟೇಪಿನ ಈ ಗುಣವನ್ನು ಗಣಿತದಿಂದ ಅನುಕರಿಸುವ ಪುಟ್ಟ ತಂತ್ರಾಂಶವೇ ಟೇಪ್ ಎಮ್ಯುಲೇಶನ್ ಪ್ಲಗಿನ್. ಆದರೆ ಮುದ್ರಣವೇ ಕೆಟ್ಟಿದ್ದರೆ ಯಾವ ಪ್ಲಗಿನ್ನೂ ಅದನ್ನು ಉಳಿಸದು. ಹಾಗಾಗಿ ಮೊದಲು ಕೋಣೆ, ಆಮೇಲೆ ಮೈಕು, ಕೊನೆಗೆ ಟೇಪು.

ಹೆಂಚಿನ ಮನೆಯಾದರೆ ಮರದ ಮುಚ್ಚಿಗೆ ಇರುವ ಕೋಣೆಯನ್ನೇ ಆರಿಸಿಕೊಳ್ಳಿ. ಟೆರೇಸಿನ ಮನೆಯಲ್ಲಿ ಬರಿಗೋಡೆಯ ಮಾರ್ದನಿ ಹೆಚ್ಚು. ಹತ್ತಿಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ನೆಲಕ್ಕೆ ಚಾಪೆ ಹಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಹೆಂಚಿನ ಮೇಲೆ ಮಳೆ, ರಾತ್ರಿ ತೋಟದ ಕಪ್ಪೆ. ಬಿಡುವು ಕಾದು ಮುದ್ರಿಸುವುದೇ ಲೇಸು. ಫ್ಯಾನ್ ಆರಿಸಿ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲಿ ನಡೆಸಿದರೆ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ಬಹಳಷ್ಟು ತಗ್ಗುತ್ತದೆ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಎರಡು ಮೈಕು ಹಿಡಿಸುವ ಆಡಿಯೋ ಇಂಟರ್‌ಫೇಸ್ ಸಾಕು. ಭಾಗವತರನ್ನೂ ಮದ್ದಳೆಗಾರರನ್ನೂ ಬೇರೆ ಬೇರೆ ದಿನ ಕೂರಿಸಿ ಮುದ್ರಿಸುವ ಸಿನಿಮಾ ಪದ್ಧತಿ ಇಲ್ಲಿ ಬೇಡ. ಪದದ ನಡೆ ನೋಡಿಕೊಂಡೇ ನುಡಿಸುವ ಕಲೆ ಇದು, ಒಟ್ಟಿಗೆ ಕುಳಿತರೇ ಚೆಂದ. ಭಾಗವತರ ಕೈಯಲ್ಲಿ ಜಾಗಟೆ ಇರುವುದನ್ನು ಮರೆಯಬೇಡಿ. ಮೈಕನ್ನು ಹಣೆಯ ಎತ್ತರದಿಂದ ಕೆಳಮುಖವಾಗಿ ಇಟ್ಟರೆ ಅದು ಬಾಯಿಯ ಜೊತೆಗೆ ಜಾಗಟೆಯನ್ನೂ ನೇರ ನೋಡುತ್ತದೆ. ಗಲ್ಲದ ಮಟ್ಟಕ್ಕೆ ಇಳಿಸಿ, ಸುಮಾರು ಒಂದು ಗೇಣು ದೂರದಲ್ಲಿ, ಬಾಯಿಯತ್ತ ಮೇಲ್ಮುಖವಾಗಿ ತಿರುಗಿಸಿ. ಆಗ ಜಾಗಟೆ ಮೈಕಿನ ಕೆಳಗೆ ಉಳಿಯುತ್ತದೆ. ಚೆಂಡೆ ಮೈಕಿನ ಬೆನ್ನ ಹಿಂದೆ, ಎಂಟು ಹತ್ತು ಅಡಿ ಆಚೆಗಿರಲಿ. ಎರಡನೆಯ ಮೈಕು ಮದ್ದಳೆಯ ಹತ್ತಿರ. ಚೆಂಡೆಗೆ ಪ್ರತ್ಯೇಕ ಮೈಕು ಬೇಕಿಲ್ಲ, ಎರಡರಲ್ಲೂ ಅದು ಧಾರಾಳವಾಗಿ ಬರುತ್ತದೆ.

ಮುದ್ರಣ 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿರಲಿ. ಮಟ್ಟ ಹೊಂದಿಸುವಾಗ ಮೆಲುದನಿಯ ಪದ ಹಾಡಿಸಬೇಡಿ. ಚೆಂಡೆ ಕೂಡಿದ ಏರುಪದವನ್ನೇ ಹಾಡಿಸಿ, ಗರಿಷ್ಠ ಮಟ್ಟ ಮೈನಸ್ 10 ಡೆಸಿಬೆಲ್ ದಾಟದಂತೆ ನೋಡಿ. 24 ಬಿಟ್‌ನಲ್ಲಿ ಮಟ್ಟ ಕಡಿಮೆಯಾಯಿತೆಂದು ಹೆದರಬೇಕಾಗಿಲ್ಲ.

ತಂತ್ರಾಂಶಕ್ಕೆ ಉಚಿತವಾದ ಆಡಾಸಿಟಿ ಸಾಕು. 2022ರ 3.2ನೇ ಆವೃತ್ತಿಯಿಂದ ಅದರಲ್ಲಿ ಕೇಳುತ್ತಲೇ ಪ್ಲಗಿನ್ ಹೊಂದಿಸಬಹುದು. ರೀಪರ್ ಇನ್ನೂ ಅನುಕೂಲ, 60 ದಿನ ಬಳಸಿ ನೋಡಲು ಅವಕಾಶವಿದೆ. ಟೇಪ್ ಪ್ಲಗಿನ್ನಿಗೆ ದುಡ್ಡು ಕೊಡುವ ಮೊದಲು ಜತಿನ್ ಚೌಧುರಿ ರೂಪಿಸಿದ ಚೌ ಟೇಪ್ ಮಾಡೆಲ್ ಹಾಕಿಕೊಳ್ಳಿ. ಸೋನಿ ಕಂಪನಿಯ ಟಿಸಿ–260 ಎಂಬ ಸ್ಪೂಲ್ ಯಂತ್ರದ ಮಾದರಿಯಿಂದ ಹುಟ್ಟಿದ, ಪೂರ್ತಿ ಉಚಿತವಾದ ಮುಕ್ತ ತಂತ್ರಾಂಶ ಇದು. ಮನೆಯ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಕೆಂದು ನನಗನ್ನಿಸುವುದಿಲ್ಲ.

ಮೊದಲು ಭಾಗವತರ ಟ್ರ್ಯಾಕಿಗೆ ಈಕ್ವಲೈಸರ್ ಹಾಕಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಸೋಸಿ. ಕಪ್ಪು ಎರಡು, ಕಪ್ಪು ಮೂರರ ಶ್ರುತಿಯಲ್ಲಿ ಹಾಡುವವರ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ, ಅಲ್ಲಿರುವುದು ಬರೇ ಗದ್ದಲ. ಮದ್ದಳೆಯ ಟ್ರ್ಯಾಕಿಗೆ ಈ ಸೋಸುವಿಕೆ ಬೇಡ. ಬಳಿಕ ಎರಡೂ ಟ್ರ್ಯಾಕು ಕೂಡುವ ಮಾಸ್ಟರಿನಲ್ಲಿ ಟೇಪ್ ಪ್ಲಗಿನ್ ತೆರೆಯಿರಿ. ವೇಗ 15 ಇಂಚು ಇರಲಿ, ಅಂದರೆ ಸೆಕೆಂಡಿಗೆ 38 ಸೆಂಟಿಮೀಟರ್. ಕ್ಯಾಸೆಟ್ಟಿನ ಟೇಪು ಓಡುತ್ತಿದ್ದುದು ಸೆಕೆಂಡಿಗೆ 4.76 ಸೆಂಟಿಮೀಟರಿನಲ್ಲಿ. ನೆನಪಿನ ಮೋಹಕ್ಕೆ ಆ ವೇಗ ಹಾಕಿದರೆ ಚಕ್ರತಾಳವೇ ಮಂಕಾಗುತ್ತದೆ. ಈಗ ಚೆಂಡೆಯ ಬಿಡ್ತಿಗೆ ಇರುವ ತುಣುಕನ್ನು ಮತ್ತೆ ಮತ್ತೆ ಕೇಳುತ್ತಾ ಡ್ರೈವ್ ಗುಂಡಿಯನ್ನು ಮೆಲ್ಲನೆ ಏರಿಸಿ. ಚುಚ್ಚುವುದು ನಿಂತ ಕಡೆ ನಿಲ್ಲಿ. ಪೆಟ್ಟು ಪೊಳ್ಳಾಗಿ ಕೇಳಿದರೆ ಹೆಚ್ಚಾಯಿತೆಂದೇ ಅರ್ಥ.

ಇನ್ನು ವಾವ್, ಫ್ಲಟರ್ ಎಂಬ ಎರಡು ಗುಂಡಿಗಳು. ಟೇಪಿನ ಓಟ ನಿಧಾನವಾಗಿ ಅಥವಾ ಬಿರುಸಾಗಿ ಅದುರಿದಾಗ ಸ್ವರ ಅಲುಗುತ್ತದಲ್ಲ, ಅದನ್ನು ಇವು ಬೇಕೆಂದೇ ಬೆರೆಸುತ್ತವೆ. ಗಿಟಾರಿನವರಿಗೆ ಇದು ಬಹಳ ಇಷ್ಟ. ನಮಗೆ ಕೂಡದು. ಮದ್ದಳೆಯ ಬಲಗಡೆಯನ್ನು ಭಾಗವತರ ಶ್ರುತಿಗೆ ಸೇರಿಸಿ, ಬಡಿದು ಬಡಿದು ಹೊಂದಿಸಿದ ಮೇಲೆ ಇಡೀ ಹಿಮ್ಮೇಳ ಒಂದು ಶ್ರುತಿಯ ಮೇಲೆ ನಿಂತಿರುತ್ತದೆ. ಅದನ್ನು ಯಂತ್ರವೊಂದು ಅಲುಗಾಡಿಸಿದರೆ ಕಷ್ಟಪಟ್ಟು ಶ್ರುತಿ ಹಿಡಿದ ಕಲಾವಿದ ಅಪಶ್ರುತಿಯವನಾಗುತ್ತಾನೆ. ಎರಡೂ ಸೊನ್ನೆಯಲ್ಲಿರಲಿ. ಡಿಗ್ರೇಡ್, ಚ್ಯೂ ಎಂಬ ವಿಭಾಗಗಳನ್ನೂ ಆರಿಸಿಬಿಡಿ. ಟೇಪು ಸವೆದು ಜಗಿದುಹೋದಂತೆ ಮಾಡುವ ಕೆಲಸ ಅವುಗಳದ್ದು.

ಪ್ಲಗಿನ್ ಹಾಕಿದ ಕೂಡಲೇ ಚೆನ್ನಾಗಿದೆ ಅನ್ನಿಸಿದರೆ ನಂಬಬೇಡಿ. ಧ್ವನಿ ತುಸು ಜೋರಾದರೂ ಕಿವಿಗೆ ಹಾಗೆ ಅನ್ನಿಸುತ್ತದೆ. ಒಳಬರುವ ಮಟ್ಟವನ್ನು ಎಷ್ಟು ಏರಿಸಿದ್ದೀರೋ ಹೊರಹೋಗುವುದನ್ನು ಅಷ್ಟು ಇಳಿಸಿ, ಮಟ್ಟ ಸಮವಾದ ಮೇಲೆ ಆರಿಸಿ ಹಚ್ಚಿ ಹೋಲಿಸಿ. ಕೊನೆಯ ಫೈಲು ತೆಗೆಯುವಾಗ ಓವರ್‌ಸ್ಯಾಂಪ್ಲಿಂಗನ್ನು ನಾಲ್ಕು ಪಟ್ಟಿಗೆ ಏರಿಸಿದರೆ ಜಾಗಟೆಯ ಸುತ್ತ ಕೇಳುವ ಕೃತಕ ಕರ್ಕಶ ಇಲ್ಲವಾಗುತ್ತದೆ.

ಮನೆಯ ಅಟ್ಟದಲ್ಲಿರುವ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವವರು ಈ ಪ್ಲಗಿನ್ ಮುಟ್ಟಲೇಬಾರದು. ಅವುಗಳಲ್ಲಿ ಟೇಪಿನ ಗುಣ ಆಗಲೇ ಇದೆ. ಬಿಳಿಯ ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಶುಚಿಗೊಳಿಸದೆ ಪ್ಲೇಯರಿಗೆ ಹಾಕಬೇಡಿ. ಬೂಸ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಯೂಟ್ಯೂಬಿಗೆ ಏರಿಸುವುದಾದರೆ ಲಿಮಿಟರ್‌ನಲ್ಲಿ ಗರಿಷ್ಠ ಮಟ್ಟ ಮೈನಸ್ 1 ಡೆಸಿಬೆಲ್ ಇಟ್ಟು, ಒಟ್ಟಾರೆ ಗಟ್ಟಿತನ ಮೈನಸ್ 14 ಲಫ್ಸ್ ಹತ್ತಿರಕ್ಕೆ ತನ್ನಿ. ಅದಕ್ಕಿಂತ ಜೋರು ಮಾಡಿದರೆ ಅವರೇ ತಗ್ಗಿಸುತ್ತಾರೆ. ಹೆಡ್‌ಫೋನಿನಲ್ಲಿ ಕೇಳಿದ್ದನ್ನು ಮೊಬೈಲಿನ ಸ್ಪೀಕರಿನಲ್ಲೂ ಕೇಳಿ, ಮದ್ದಳೆ ಅಲ್ಲಿ ಪೂರ್ತಿ ಮಾಯವಾದರೆ ಅದರ ಟ್ರ್ಯಾಕನ್ನು ತುಸು ಏರಿಸಿ. ಪ್ಲಗಿನ್ ಸೋಂಕದ ಮೂಲ ವೇವ್ ಫೈಲನ್ನು ಬೇರೆ ಡ್ರೈವಿನಲ್ಲಿ ಉಳಿಸಿ, ಹೆಸರಿನಲ್ಲೇ ಪ್ರಸಂಗ, ಭಾಗವತರು, ಮದ್ದಳೆ, ಚೆಂಡೆಯವರು, ಶ್ರುತಿ, ತಾರೀಕು ಬರೆದಿಡಿ.